ಬೇರು, ಡೋಲು, ಬೆಂಚು: ಮನಸ್ಸಿನ ನೋವಿಗೆ ಆಫ್ರಿಕಾದ ದಾರಿಗಳಲ್ಲಿ ಯಾವುದು ಯಾರಿಗೆ?

ಹೋದ ವರ್ಷ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಕಂದು ಬಣ್ಣದ ಸಣ್ಣ ಪ್ಯಾಕೆಟ್, ಮೇಲೆ ಆಫ್ರಿಕಾದ ನಕ್ಷೆ, ಒಳಗೆ ಪುಡಿ. ಹೆಸರು ಕನ್ನಾ, ದಕ್ಷಿಣ ಆಫ್ರಿಕಾದ ಒಂದು ಗಿಡ. "ಮನಸ್ಸು ಹಗುರ ಆಗುತ್ತಂತೆ, ಮಾತ್ರೆ ಬಿಟ್ಟು ಇದನ್ನೇ ಶುರು ಮಾಡ್ಲಾ?" ಅಂತ ಕೇಳಿದ. ಆಗ ಅವನು ಆರು ತಿಂಗಳಿಂದ ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಮಾತ್ರೆ ತಗೊಳ್ತಿದ್ದ. ನಾನು ತಕ್ಷಣ ಫೋನ್ ಮಾಡಿದೆ. ಎರಡನ್ನೂ ಒಟ್ಟಿಗೆ ತಗೋಬೇಡ, ಮಾತ್ರೆಯನ್ನ ದಿಢೀರ್ ಅಂತ ನಿಲ್ಲಿಸಲೂ ಬೇಡ, ಮೊದಲು ಡಾಕ್ಟರ್ ಹತ್ತಿರ ಮಾತಾಡು ಅಂದೆ. ಆ ಮಾತು ಎರಡು ಗಂಟೆ ನಡೆಯಿತು. ಕನ್ನಾದಿಂದ ಇಬೋಗ ಅನ್ನೋ ಇನ್ನೊಂದು ಬೇರಿಗೆ ಹೋಯಿತು, ಅಲ್ಲಿಂದ ದಕ್ಷಿಣ ಆಫ್ರಿಕಾದ ಸಂಗೋಮಾ ಅನ್ನೋ ವೈದ್ಯರ ಕನಸಿನ ಬೇರಿಗೆ, ಅಲ್ಲಿಂದ ನೈಜೀರಿಯಾದ ಒಂದು ಹಳ್ಳಿಗೆ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲರೂ ಕೇಳೋದು "ಯಾವ ಬೇರು ಒಳ್ಳೇದು?" ಅಂತ. ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಬೇರು ಕುಡಿದ ರಾತ್ರಿ ಪಕ್ಕದಲ್ಲಿ ಯಾರು ಕೂತಿರುತ್ತಾರೆ? ಮಾರನೇ ತಿಂಗಳು ಯಾರಿರುತ್ತಾರೆ? ಕನ್ನಾ ಒಂದನ್ನ ಬಿಟ್ಟರೆ, ಇಲ್ಲಿ ಹೇಳುವ ಎಲ್ಲ ಪದ್ಧತಿಗಳಲ್ಲೂ ಗಿಡದ ಸುತ್ತ ಜನ ಇದ್ದಾರೆ. ಗುರು ಇದ್ದಾರೆ, ಮನೆಯವರಿದ್ದಾರೆ, ಹಾಡು, ಡೋಲು, ಊಟ ಇವೆ. ಪ್ಯಾಕೆಟ್ಟಿಗೆ ತುಂಬುವಾಗ ಇವೆಲ್ಲ ಹೊರಗೇ ಉಳಿದುಬಿಡುತ್ತವೆ.

ಮೊದಲು ಹೆಸರುಗಳು

ಇಂಥ ಚಿಕಿತ್ಸೆ ಕೊಡುವವರನ್ನೆಲ್ಲ ಶಾಮನ್ ಅಂತ ಕರೆಯೋದುಂಟು. ಆದರೆ ಆ ಪದ ಆಫ್ರಿಕಾದ್ದಲ್ಲ, ಸೈಬೀರಿಯಾದ್ದು. ಗಬಾನ್‌ನಲ್ಲಿ ಈ ಕೆಲಸ ಮಾಡುವವರು ಎನ್‌ಗಂಗಾ. ನೈಜೀರಿಯಾದ ಯೊರುಬಾ ಜನರಲ್ಲಿ ಬಬಲಾವೊ. ದಕ್ಷಿಣ ಆಫ್ರಿಕಾದ ಜುಲು ಜನರಲ್ಲಿ ಇಬ್ಬರು ಬೇರೆ ಬೇರೆ: ಗಿಡಮೂಲಿಕೆ ಕೊಡುವ ಇನ್ಯಾಂಗಾ, ಹಿರಿಯರ ಆತ್ಮಗಳ ಜೊತೆ ಮಾತಾಡಿ ಕಾರಣ ಹೇಳುವ ಸಂಗೋಮಾ. ನಮ್ಮ ಕಡೆ ನಾಟಿ ವೈದ್ಯರು ಬೇರೆ, ಮೈಮೇಲೆ ಬರುವ ಪಾತ್ರಿ ಬೇರೆ ಅಲ್ವಾ, ಹೆಚ್ಚುಕಡಿಮೆ ಹಾಗೆ. ಒಬ್ಬರೇ ಎರಡೂ ಕೆಲಸ ಮಾಡುವುದೂ ಉಂಟು. ಯಾರಾದರೂ "ಆಫ್ರಿಕನ್ ಶಾಮನ್ ಚಿಕಿತ್ಸೆ" ಅಂತ ಜಾಹೀರಾತು ಹಾಕಿದರೆ ಯಾವ ಜನ, ಯಾವ ಊರು, ಯಾವ ಗುರು ಅಂತ ಕೇಳಿ. ಉತ್ತರ ಬರದಿದ್ದರೆ ಅಲ್ಲಿಗೇ ಬಿಡಬಹುದು.

ಇಬೋಗ: ಎಲ್ಲಕ್ಕಿಂತ ಬಲವಾದದ್ದು, ಎಲ್ಲಕ್ಕಿಂತ ಅಪಾಯದ್ದು

ಗಬಾನ್‌ನ ಮಳೆಕಾಡಿನಲ್ಲಿ ಬೆಳೆಯುವ ಪೊದೆ ಇದು. ಬೇರಿನ ತೊಗಟೆಯನ್ನ ಕೆರೆದು ತಿನ್ನುತ್ತಾರೆ. ವಿಪರೀತ ಕಹಿ, ನಾಲಿಗೆ ಜೋಮು ಹಿಡಿಯುತ್ತದೆ. ಬ್ವಿಟಿ ಅನ್ನುವ ಪಂಥಕ್ಕೆ ಸೇರುವವರಿಗೆ ದೀಕ್ಷೆಯ ಭಾಗವಾಗಿ ಇದನ್ನ ಕೊಡುತ್ತಾರೆ. ಅದು ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ. ರಾತ್ರಿಗಟ್ಟಲೆ ಎಂಟು ತಂತಿಯ ಎನ್‌ಗೊಂಬಿ ಹಾರ್ಪ್ ನುಡಿಯುತ್ತದೆ, ಬಾಯಿಗೆ ಹಿಡಿದು ನುಡಿಸುವ ಬಿಲ್ಲು ನುಡಿಯುತ್ತದೆ. ಹೊಸಬರ ಪಕ್ಕದಲ್ಲೇ ಹಳಬರು ಕೂತಿರುತ್ತಾರೆ. ಕಂಡದ್ದನ್ನ ಕೇಳುತ್ತಾರೆ, ಅರ್ಥ ಹೇಳುತ್ತಾರೆ. ದೀಕ್ಷೆ ಮುಗಿದ ಮೇಲೆ ಆ ಮನುಷ್ಯ ಆ ಬಳಗದ ಮಗ ಅಥವಾ ಮಗಳಾಗಿ ಉಳಿಯುತ್ತಾನೆ, ಉಳಿಯುತ್ತಾಳೆ.

ಇದರ ಮುಖ್ಯ ಸತ್ವ ಐಬೊಗೇನ್. 1962ರಲ್ಲಿ ಹೆರಾಯಿನ್ ಚಟ ಇದ್ದ ಹೊವಾರ್ಡ್ ಲಾಟ್‌ಸಾಫ್ ಎಂಬ ಅಮೆರಿಕದ ಯುವಕ ಇದನ್ನ ತಗೊಂಡ. ಎದ್ದಾಗ ಹೆರಾಯಿನ್ ಬೇಕು ಅನ್ನೋ ಸಂಕಟವೇ ಇರಲಿಲ್ಲ ಅಂತ ಹೇಳಿಕೊಂಡ. ಚಟ ಬಿಡಿಸಲು ಐಬೊಗೇನ್ ಅನ್ನೋ ಹುಡುಕಾಟ ಶುರುವಾಗಿದ್ದು ಅಲ್ಲಿಂದ. ಅಮೆರಿಕದಲ್ಲಿ ಇದು ನಿಷಿದ್ಧ. ಹಾಗಾಗಿ ಅಲ್ಲಿನವರು ಮೆಕ್ಸಿಕೊದ ಕ್ಲಿನಿಕ್‌ಗಳಿಗೆ ಹೋಗುತ್ತಾರೆ. 2024ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಹಾಗೆ ಹೋಗಿಬಂದ 30 ಮಾಜಿ ಸೈನಿಕರ ವಿವರ ಪ್ರಕಟಿಸಿದರು. ತಲೆಗೆ ಪೆಟ್ಟು ಬಿದ್ದು, ಯುದ್ಧದ ಆಘಾತ, ಖಿನ್ನತೆ, ಆತಂಕದಲ್ಲಿ ನರಳುತ್ತಿದ್ದವರು ಅವರು. ಒಂದು ತಿಂಗಳ ನಂತರವೂ ದೊಡ್ಡ ಸುಧಾರಣೆ ಕಂಡಿತ್ತು. ಹೃದಯದ ರಕ್ಷಣೆಗೆ ಅಂತ ಅವರಿಗೆ ಜೊತೆಯಲ್ಲಿ ಮೆಗ್ನೀಸಿಯಂ ಕೊಟ್ಟಿದ್ದರು. ಆದರೆ ಹೋಲಿಸಿ ನೋಡಲು ಔಷಧಿ ತಗೊಳ್ಳದ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. 2025ರಲ್ಲಿ ಟೆಕ್ಸಸ್ ರಾಜ್ಯ ಇದರ ಸಂಶೋಧನೆಗೆ 5 ಕೋಟಿ ಡಾಲರ್ ತೆಗೆದಿಟ್ಟಿತು.

ಈಗ ಇದರ ಅಪಾಯದ ಮಾತು. ಐಬೊಗೇನ್ ಹೃದಯದ ವಿದ್ಯುತ್ ಲಯವನ್ನ ಕೆಡಿಸುತ್ತದೆ. ಪ್ರತಿ ಬಡಿತದ ನಂತರ ಹೃದಯದ ಕೋಶಗಳು ಮತ್ತೆ ಸಜ್ಜಾಗಲು ಪೊಟ್ಯಾಸಿಯಂ ಹೊರಗೆ ಹರಿಯಬೇಕು. ಆ ಬಾಗಿಲನ್ನೇ ಇದು ತಡೆಯುತ್ತದೆ. ಇಸಿಜಿಯಲ್ಲಿ ಹೀಗೆ ಸಜ್ಜಾಗುವ ಹೊತ್ತನ್ನ ತೋರಿಸುವ ಕ್ಯೂಟಿ ಅಂತರ ಉದ್ದವಾಗುತ್ತದೆ, ಹೃದಯ ತಾಳ ತಪ್ಪಿ ನಿಂತುಹೋಗಬಹುದು. ದೇಹದಲ್ಲಿ ಇದು ನೋರ್‌ಐಬೊಗೇನ್ ಆಗಿ ಬದಲಾಗಿ ದಿನಗಟ್ಟಲೆ ಉಳಿಯುವುದರಿಂದ ಅಪಾಯ ಒಂದೇ ರಾತ್ರಿಗೆ ಮುಗಿಯುವುದಿಲ್ಲ. 1990ರಿಂದ 2008ರವರೆಗೆ ಇದನ್ನ ತಗೊಂಡು 76 ಗಂಟೆಗಳ ಒಳಗೆ ಸತ್ತ 19 ಜನರ ದಾಖಲೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಎಷ್ಟೋ ಜನರಿಗೆ ಮೊದಲೇ ಹೃದಯದ ತೊಂದರೆ ಇತ್ತು, ಇಲ್ಲವೇ ಬೇರೆ ಮಾದಕ ವಸ್ತು ದೇಹದಲ್ಲಿತ್ತು.

ಆದ್ದರಿಂದ ನನ್ನ ಮಾತು ನೇರವಾಗಿದೆ. ಸಾಮಾನ್ಯ ಖಿನ್ನತೆಗೆ, ಆತಂಕಕ್ಕೆ, "ನನ್ನನ್ನ ನಾನು ಹುಡುಕಿಕೊಳ್ಳಬೇಕು" ಅನ್ನೋದಕ್ಕೆ ಇಬೋಗ ಬೇಡ. ಹೃದಯದ ತೊಂದರೆ ಇದ್ದವರು, ಮನೆಯಲ್ಲಿ ಯಾರಾದರೂ ಹಠಾತ್ತಾಗಿ ಸತ್ತ ಇತಿಹಾಸ ಇದ್ದವರು, ಮಾನಸಿಕ ಕಾಯಿಲೆಯ ಮಾತ್ರೆ ತಗೊಳ್ಳುವವರು ಹತ್ತಿರವೂ ಹೋಗಬಾರದು. ಮನೋವಿಕಾರದ (ಇಲ್ಲದ ದನಿ ಕೇಳುವ, ಅನುಮಾನ ಕಾಡುವ ಕಾಯಿಲೆಯ) ಇತಿಹಾಸ ಇದ್ದವರಂತೂ ಖಂಡಿತ ಬೇಡ. ಹೆರಾಯಿನ್‌ನಂಥ ಚಟಕ್ಕೆ ಬೇರೆಲ್ಲ ದಾರಿ ಪ್ರಯತ್ನಿಸಿ ಸೋತವರು, ಹೊರದೇಶದಲ್ಲಿರುವ ನಮ್ಮವರು ಯೋಚಿಸುತ್ತಿದ್ದರೆ, ಇಸಿಜಿ ನೋಡಿ ಪಕ್ಕದಲ್ಲೇ ಕೂರುವ ಹೃದಯದ ಡಾಕ್ಟರ್ ಇಲ್ಲದ ಜಾಗಕ್ಕೆ ಕಾಲಿಡಬೇಡಿ. ಭಾರತದಲ್ಲಿ ಇದು ಅನುಮತಿ ಪಡೆದ ಔಷಧಿಯಲ್ಲ. ಕೊರಿಯರ್‌ನಲ್ಲಿ ಬರುವ ಪುಡಿಯ ಒಳಗೆ ಎಷ್ಟು ಸತ್ವ ಇದೆ ಅಂತ ಮಾರುವವನಿಗೂ ತಿಳಿದಿರುವುದಿಲ್ಲ.

ಇನ್ನೊಂದು ವಿಷಯ ನನ್ನನ್ನ ಕಾಡುತ್ತದೆ. ಹೊರಗಿನ ಬೇಡಿಕೆ ಜಾಸ್ತಿಯಾಗಿ ಗಬಾನ್‌ನ ಕಾಡಿನಲ್ಲಿ ಕಳ್ಳಸಾಗಣೆ ಹೆಚ್ಚಿತು. ಸರ್ಕಾರ ಇಬೋಗವನ್ನ ದೇಶದ ಪರಂಪರೆ ಅಂತ 2000ದಲ್ಲಿ ಘೋಷಿಸಿತು, 2019ರಲ್ಲಿ ರಫ್ತಿಗೆ ತಡೆ ಹಾಕಿತು. ಯಾರೋ ತಮ್ಮ ಸಂಕಟಕ್ಕೆ ಅಂತ ತರಿಸುವ ಪುಡಿ ಅಲ್ಲಿನವರ ದೀಕ್ಷೆಗೆ ಸಿಗದೆ ಹೋದ ಬೇರು ಆಗಿರಬಹುದು.

ನಮ್ಮ ಅಂಗಳದ ನಂದಿಬಟ್ಟಲು ಇದರ ಹತ್ತಿರದ ನೆಂಟ. ಎಲೆ ಕಿತ್ತರೆ ಬರುವ ಹಾಲೇ ಸಾಕ್ಷಿ. ಕೊರೊನಾರಿಡಿನ್ ಅನ್ನುವ ಐಬೊಗೇನ್ ಜಾತಿಯ ಸತ್ವಕ್ಕೆ ಹೆಸರು ಬಂದಿದ್ದೇ ನಂದಿಬಟ್ಟಲಿನ ಹಳೆಯ ಸಸ್ಯನಾಮದಿಂದ. ಹಾಗಂತ ಯಾರೂ ಅದರ ಬೇರು ಅಗೆಯಲು ಹೋಗಬೇಡಿ. ಅದು ದೇವರ ತಲೆಯ ಮೇಲಿನ ಹೂವಾಗಿಯೇ ಚೆಂದ.

ಕನ್ನಾ: ಸೌಮ್ಯ, ಆದರೆ ಮಾತ್ರೆಯ ಜೊತೆ ಜಗಳ

ದಕ್ಷಿಣ ಆಫ್ರಿಕಾದ ಒಣ ನಾಡಿನಲ್ಲಿ ನೆಲಕ್ಕೆ ಅಂಟಿ ಬೆಳೆಯುವ ರಸಭರಿತ ಗಿಡ. ಸ್ಯಾನ್ ಮತ್ತು ಖೊಯ್‌ಖೊಯ್ ಜನ ಇದನ್ನ ಜಜ್ಜಿ, ಚೀಲದಲ್ಲಿ ಕೆಲವು ದಿನ ಹುಳಿ ಬರಿಸಿ, ಒಣಗಿಸಿ ಜಗಿಯುತ್ತಿದ್ದರು. ಆಫ್ರಿಕಾನ್ಸ್ ಭಾಷೆಯಲ್ಲಿ ಇದಕ್ಕೆ ಕೌಗೂಡ್ ಅನ್ನುತ್ತಾರೆ, ಜಗಿಯುವ ವಸ್ತು ಅಂತ. 1685ರಲ್ಲಿ ಕೇಪ್‌ನ ಡಚ್ ಅಧಿಕಾರಿ ಸೈಮನ್ ವಾನ್ ಡೆರ್ ಸ್ಟೆಲ್ ನಮಾಕ್ವಾಲ್ಯಾಂಡ್ ಕಡೆ ಹೋದಾಗ ಇದನ್ನ ದಾಖಲಿಸಿದ್ದಾನೆ. ದೀಕ್ಷೆ, ಪೂಜೆ ಬೇಕಾಗಿಲ್ಲ. ನಮ್ಮಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರುವ ಹಾಗೆ ದಣಿವಿಗೆ, ಹಸಿವಿಗೆ, ಬೇಸರಕ್ಕೆ ಜಗಿಯೋದು.

ಮೆಸೆಂಬ್ರಿನ್ ಎಂಬ ಇದರ ಸತ್ವ ಮಿದುಳಿನಲ್ಲಿ ಸೆರೊಟೊನಿನ್ ಅನ್ನೋ, ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ರಾಸಾಯನಿಕ ಮರಳಿ ಹೀರಿಕೊಳ್ಳುವುದನ್ನ ತಡೆಯುತ್ತದೆ. ಎಸ್ಸಿಟಾಲೊಪ್ರಾಮ್ ಮಾಡುವ ಕೆಲಸವೂ ಇದೇ. ಎರಡೂ ಸೇರಿದರೆ ಸೆರೊಟೊನಿನ್ ಅತಿಯಾಗಿ ಜ್ವರ, ನಡುಕ, ಎದೆಬಡಿತ, ಗೊಂದಲ ಬರುವ ಅಪಾಯ ಇದೆ. ನಾನು ಗೆಳೆಯನಿಗೆ ಅಷ್ಟು ಗಾಬರಿಯಿಂದ ಫೋನ್ ಮಾಡಿದ್ದು ಇದಕ್ಕೇ.

ಯಾವ ಮಾತ್ರೆಯೂ ತಗೊಳ್ಳದ, ಸಣ್ಣ ಪ್ರಮಾಣದ ಒತ್ತಡ ಇರುವ ಆರೋಗ್ಯವಂತರಿಗೆ ಅಳತೆ ಖಚಿತಪಡಿಸಿದ ಸಾರ ಒಂದು ಆಯ್ಕೆ ಆಗಬಹುದು. ಇದರ ಅಧ್ಯಯನಗಳು ಸಣ್ಣವು, ಹೆಚ್ಚಿನವು ಆರೋಗ್ಯವಂತರ ಮೇಲೆ ನಡೆದಂಥವು. ದೊಡ್ಡ ಖಿನ್ನತೆಗೆ ಇದನ್ನ ನಂಬಿ ಕೂರಬೇಡಿ. ಕೊಳ್ಳುವುದಾದರೆ ಜೆಂಬ್ರಿನ್‌ನಂಥ, ಮೂಲ ಜನರಿಗೆ ಪಾಲು ಸಿಗುವ ಸಾರವನ್ನ ನೋಡಿ. ಅದನ್ನ ತಯಾರಿಸುವವರು ಸ್ಯಾನ್ ಮಂಡಳಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ.

ಕನಸಿನ ಬೇರು: ಚಿಕಿತ್ಸೆಯೋ, ಕರೆಯೋ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಅದಕ್ಕೇ ಜಾಸ್ತಿ ಎಚ್ಚರದಿಂದ ಬರೆಯುತ್ತೇನೆ.

ಖೋಸಾ ಮತ್ತು ಜುಲು ಜನರಲ್ಲಿ ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ಮಂಕಾಗುತ್ತಾನೆ. ಜನರಿಂದ ದೂರ ಸರಿಯುತ್ತಾನೆ. ಮೈಕೈ ನೋವು, ರಾತ್ರಿಯೆಲ್ಲ ಕನಸು. ಇದು ಹಿರಿಯರ ಕರೆ ಇರಬಹುದು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಈ ಸ್ಥಿತಿಗೆ ಉಕುತ್ವಾಸಾ ಅಂತ ಹೆಸರು. ಪರಿಹಾರ ಅಂದರೆ ಕರೆಗೆ ಓಗೊಟ್ಟು ಗುರುವಿನ ಮನೆ ಸೇರಿ ತಾನೇ ಸಂಗೋಮಾ ಆಗುವುದು. ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷಗಳು ಹಿಡಿಯುತ್ತವೆ.

ಆ ತರಬೇತಿಯಲ್ಲಿ ಉಬುಲಾವು ಅನ್ನೋ ಬೇರಿನ ನೀರು ಇರುತ್ತದೆ. ಬೇರನ್ನ ಕುಟ್ಟಿ ಪುಡಿ ಮಾಡಿ ತಣ್ಣೀರಿಗೆ ಹಾಕುತ್ತಾರೆ. ಕವಲಿರುವ ಕಡ್ಡಿಯನ್ನ ಎರಡು ಅಂಗೈ ನಡುವೆ ಹಿಡಿದು ತಿರುಗಿಸುತ್ತಾರೆ, ನಮ್ಮ ಅಜ್ಜಿಯರು ಕಡೆಗೋಲಿನಲ್ಲಿ ಮಜ್ಜಿಗೆ ಕಡೆದ ಹಾಗೆಯೇ. ಬಿಳಿ ನೊರೆ ಉಕ್ಕಿ ಬರುತ್ತದೆ. ನೊರೆ ಎಷ್ಟು ಏಳುತ್ತದೆ ಅನ್ನೋದರಲ್ಲೇ ಹಿರಿಯರ ಮನಸ್ಸು ತಿಳಿಯುತ್ತದೆ ಅನ್ನೋ ನಂಬಿಕೆ. ಆ ನೊರೆಯನ್ನ ಕುಡಿಯುತ್ತಾರೆ, ಎಷ್ಟೋ ಸಲ ವಾಂತಿ ಮಾಡಿ ಹೊರಹಾಕುತ್ತಾರೆ. ಈ ನೀರಿಗೆ ಬಳಸುವ, ಸೈಲೀನ್ ಅನ್ನುವ ಜಾತಿಯ ಒಂದು ಗಿಡಕ್ಕೆ ಖೋಸಾ ಭಾಷೆಯಲ್ಲಿ ಉಂಡ್ಲೆಲಾ ಜೀಂಶ್ಲೋಫೆ, ಅಂದರೆ ಬಿಳಿಯ ದಾರಿಗಳು ಅಂತ ಹೆಸರು. ಕುಡಿದಾಗ ಎಚ್ಚರದಲ್ಲಿ ದೊಡ್ಡದೇನೂ ಆಗೋದಿಲ್ಲ. ಕನಸು ನಿಚ್ಚಳ ಆಗುತ್ತದೆ ಅಂತಾರೆ. ಬೆಳಿಗ್ಗೆ ಆ ಕನಸನ್ನ ಗುರುವಿಗೆ ಹೇಳಬೇಕು. ಮದ್ದು ಅಲ್ಲಿಗೆ ಪೂರ್ತಿ ಆಗೋದು.

ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮಗೆ ಈ ಮಾತು ಹೊಸದಲ್ಲ. ಸತ್ತವರ ಜೊತೆ ಲೆಕ್ಕ ಬಾಕಿ ಉಳಿದರೆ ಬದುಕಿದ್ದವರ ಮನಸ್ಸು ಕೆಡುತ್ತದೆ ಅಂತ ನಮ್ಮ ಮನೆಗಳಲ್ಲೂ ಹೇಳ್ತಾರೆ. ಆದರೆ ಇಂಟರ್ನೆಟ್‌ನಲ್ಲಿ "ಆಫ್ರಿಕನ್ ಡ್ರೀಮ್ ರೂಟ್" ಅಂತ ಮಾರುವ ಪುಡಿಯನ್ನ ಬೆಂಗಳೂರಿನ ಫ್ಲಾಟಿನಲ್ಲಿ ಒಬ್ಬರೇ ಕುಡಿದರೆ ಬೆಳಿಗ್ಗೆ ಕನಸು ಕೇಳುವವರು ಯಾರು? ಸುಮ್ನೆ ಕುತೂಹಲಕ್ಕೆ ಅಂತ ಅನ್ನುವವರಿಗೂ ನಾನು ಬೇಡ ಅನ್ನುತ್ತೇನೆ.

ದೊಡ್ಡ ಅಪಾಯ ಬೇರಿನದ್ದಲ್ಲ, ಹೆಸರಿಡುವುದರದ್ದು. ಕಿವಿಯಲ್ಲಿ ದನಿ ಕೇಳುವುದು, ಯಾರೋ ಹಿಂಬಾಲಿಸುತ್ತಾರೆ ಅನ್ನಿಸುವುದು ಸ್ಕಿಜೋಫ್ರೇನಿಯಾದ ಲಕ್ಷಣವೂ ಹೌದು. ಖೋಸಾ ಜನರಲ್ಲಿ ಇಂಥ ಕಾಯಿಲೆ ಇದ್ದವರನ್ನ ಮಾತಾಡಿಸಿದ ಸಂಶೋಧಕರಿಗೆ ಕೆಲವರ ಮನೆಯಲ್ಲಿ ಉಕುತ್ವಾಸಾ ಅಂತಲೂ, ಕೆಲವರ ಮನೆಯಲ್ಲಿ ಅಮಾಫುಫುನ್ಯಾನಾ ಅಂತಲೂ ಹೆಸರು ಸಿಕ್ಕಿತು. ಮೊದಲನೆಯದು ಹಿರಿಯರ ಕರೆ, ಗೌರವದ್ದು. ಎರಡನೆಯದು ಕೆಟ್ಟ ಆತ್ಮ ಹೊಕ್ಕಿದ್ದು. ಹೆಸರು ಯಾವುದೇ ಇರಲಿ, ಚಿಕಿತ್ಸೆ ತಡವಾದಷ್ಟೂ ಈ ಕಾಯಿಲೆ ಬೇರು ಬಿಡುತ್ತದೆ.

ಮತ್ತೆ, ಮುತಿ (ಅಲ್ಲಿನ ನಾಟಿ ಔಷಧಿ) ಅಂಗಡಿಗಳ ಎಲ್ಲ ಬೇರೂ ಸೌಮ್ಯ ಅಲ್ಲ. ಜುಲು ಭಾಷೆಯಲ್ಲಿ ಇಂಪಿಲಾ ಅಂದರೆ ಆರೋಗ್ಯ. ಅದೇ ಹೆಸರಿನ ಗಡ್ಡೆ ಲಿವರ್, ಕಿಡ್ನಿ ಎರಡನ್ನೂ ಕೊಂದು ಎಷ್ಟೋ ಮಕ್ಕಳ ಜೀವ ತೆಗೆದಿದೆ.

ಅರೋ ಹಳ್ಳಿ ಮತ್ತು ಸರ್ಪಗಂಧದ ನೆಂಟ

ಯೊರುಬಾ ವೈದ್ಯರು ಹುಚ್ಚು ಕೆರಳಿದವರಿಗೆ ಅಸೊಫೆಯೆಜೆ ಅನ್ನೋ ಮರದ ಬೇರು ಕೊಡುತ್ತಾರೆ. ಹಕ್ಕಿಗಳು ತಿನ್ನಲಿ ಅಂತ ಹಣ್ಣು ಬಿಡುವುದು ಅಂತ ಆ ಹೆಸರಿನ ಅರ್ಥ. ನಮ್ಮ ಸರ್ಪಗಂಧದ ಒಡಹುಟ್ಟು ಅದು. ಎರಡರಲ್ಲೂ ರೆಸರ್ಪಿನ್ ಅನ್ನೋ ಸತ್ವ ಇದೆ. ಸಮುದ್ರದ ಎರಡು ಕಡೆಯ ಜನ, ಒಬ್ಬರನ್ನೊಬ್ಬರು ಕೇಳದೆ, ಒಂದೇ ಕುಲದ ಗಿಡವನ್ನ ಒಂದೇ ಕಾಯಿಲೆಗೆ ಹಿಡಿದಿದ್ದಾರೆ. ಇದನ್ನ ಓದಿದ ದಿನ ನನಗೆ ಮೈ ಜುಮ್ಮೆಂದಿತ್ತು. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಸರ್ಪಗಂಧವನ್ನ ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಬಳಸಿದ್ದನ್ನ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ರೆಸರ್ಪಿನ್ ಬೇರ್ಪಡಿಸಿತು. ಮುಂದೆ ಪಶ್ಚಿಮದ ಆಸ್ಪತ್ರೆಗಳು ಅದನ್ನೇ ಮನೋವಿಕಾರಕ್ಕೆ ಕೊಟ್ಟವು.

ಆದರೆ ರೆಸರ್ಪಿನ್ ಮಿದುಳಿನ ಡೋಪಮಿನ್, ಸೆರೊಟೊನಿನ್ ದಾಸ್ತಾನನ್ನೇ ಬರಿದು ಮಾಡುತ್ತದೆ. ಕೆರಳಿದವರು ತಣ್ಣಗಾಗುತ್ತಾರೆ ನಿಜ. ಜೊತೆಗೆ ರಕ್ತದೊತ್ತಡ ಕುಸಿಯಬಹುದು, ಕೈಕಾಲು ಬಿಗಿಯಬಹುದು, ಕೆಲವರಿಗೆ ಖಿನ್ನತೆ ಕವಿಯಬಹುದು. ಇವತ್ತು ಇದಕ್ಕಿಂತ ಒಳ್ಳೆಯ ಮಾತ್ರೆಗಳಿವೆ. ಹಾಗಾಗಿ ಬೇರಿನ ಲೆಕ್ಕದಲ್ಲಿ ಈ ಆಯ್ಕೆ ಬೇಡ.

ಉಳಿಸಿಕೊಳ್ಳಬೇಕಾದ್ದು ಬೇರೆ ಇದೆ. 1954ರಲ್ಲಿ ಥಾಮಸ್ ಅಡೆಯೊಯೆ ಲಾಂಬೊ ಎಂಬ ನೈಜೀರಿಯಾದ ಮನೋವೈದ್ಯರು ಅಬೆಒಕುಟಾ ಊರಿನ ಅರೋದಲ್ಲಿ ಒಂದು ಕೆಲಸ ಶುರು ಮಾಡಿದರು. ಆಸ್ಪತ್ರೆ ಕಟ್ಟಡ ಪೂರ್ತಿ ಆಗುವ ತನಕ ಕಾಯಲಿಲ್ಲ. ಸುತ್ತಲ ಹಳ್ಳಿಯವರ ಮನೆಗಳಲ್ಲೇ ರೋಗಿಗಳಿಗೆ ಜಾಗ ಮಾಡಿಸಿದರು. ಒಂದೇ ಷರತ್ತು: ಜೊತೆಗೆ ಮನೆಯವರೊಬ್ಬರು ಬರಬೇಕು, ಅಡುಗೆ ಮಾಡಬೇಕು, ಜೊತೆಯಲ್ಲೇ ಇರಬೇಕು. ಬೆಳಿಗ್ಗೆ ಆಸ್ಪತ್ರೆಯ ಔಷಧಿ, ಆಮೇಲೆ ಹಳ್ಳಿಯ ಬದುಕು. ನಾಟಿ ವೈದ್ಯರನ್ನೂ ಲಾಂಬೊ ಜೊತೆಗೆ ಸೇರಿಸಿಕೊಂಡರು. ಮಾತ್ರೆ ಒಂದು ಕಡೆ, ಬಬಲಾವೊ ಒಂದು ಕಡೆ ಅನ್ನೋ ಗೋಡೆಯನ್ನ ಅವರು ಒಪ್ಪಲಿಲ್ಲ.

ಅದು ಬರೀ ಹಳೆಯ ಕನಸಲ್ಲ. ನೈಜೀರಿಯಾದ ಇಬಾದಾನ್ ಮತ್ತು ಘಾನಾದ ಕುಮಾಸಿಯಲ್ಲಿ ನಾಟಿ ವೈದ್ಯರ, ಪ್ರಾರ್ಥನೆ ಮಾಡಿಸುವವರ ಜಾಗಕ್ಕೇ ಆರೋಗ್ಯ ಕೇಂದ್ರದ ಸಿಬ್ಬಂದಿ ಹೋಗಿ ಮನೋವಿಕಾರ ಇದ್ದವರಿಗೆ ಔಷಧಿ ಕೊಟ್ಟರು. ನಾಟಿ ವೈದ್ಯರು ತಮ್ಮ ಪದ್ಧತಿ ನಡೆಸುತ್ತಲೇ ಇದ್ದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಆರು ತಿಂಗಳ ಹೊತ್ತಿಗೆ ಇವರು ಎಂದಿನ ದಾರಿಯಲ್ಲಿದ್ದವರಿಗಿಂತ ಚೆನ್ನಾಗಿದ್ದರು. ಗಂಭೀರ ಕಾಯಿಲೆಗೆ ನಾನು ಒಪ್ಪುವ "ಆಫ್ರಿಕಾದ ದಾರಿ" ಇದೊಂದೇ.

ಒಂದು ಗೆರೆ ಮಾತ್ರ ದಾಟಬಾರದು. ಸರಪಳಿ ಕಂಡರೆ ಅಲ್ಲಿ ಒಂದು ಗಂಟೆಯೂ ನಿಲ್ಲಬೇಡಿ. ಘಾನಾದ ಕೆಲವು ಪ್ರಾರ್ಥನಾ ಶಿಬಿರಗಳಲ್ಲಿ ರೋಗಿಗಳನ್ನ ಮರಕ್ಕೆ ಕಟ್ಟಿಹಾಕಿದ ದಾಖಲೆಗಳಿವೆ. ನಮ್ಮ ಪಕ್ಕದ ತಮಿಳುನಾಡಿನ ಏರ್ವಾಡಿಯ ಒಂದು ಮಾನಸಿಕ ರೋಗಿಗಳ ಆಶ್ರಯಧಾಮದಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಭಾರತದಲ್ಲಿ ಸರಪಳಿ ಹಾಕುವುದು ನಿಷಿದ್ಧ.

ಬೇರಿಲ್ಲದ ಎರಡು ದಾರಿ

ಸೆನೆಗಲ್‌ನ ಡಾಕಾರ್ ಸುತ್ತಲಿನ ಲೆಬು ಜನರಲ್ಲಿ ಎನ್‌ಡೆಪ್ ಅನ್ನೋ ಆಚರಣೆ ಇದೆ. ಕಾಡುತ್ತಿರುವ ಆತ್ಮದ ಹೆಸರು ಹಿಡಿದು ಕರೆದು, ದಿನಗಟ್ಟಲೆ ಡೋಲು ಬಾರಿಸಿ, ಬಲಿ ಕೊಟ್ಟು, ಮನೆಯಲ್ಲೇ ಅದಕ್ಕೊಂದು ಸ್ಥಾನ ಮಾಡುತ್ತಾರೆ. ಓಡಿಸುವುದಲ್ಲ, ಜಾಗ ಕೊಡುವುದು. ತುಳುನಾಡಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ. 1958ರಲ್ಲಿ ಡಾಕಾರ್‌ಗೆ ಬಂದ ಫ್ರೆಂಚ್ ವೈದ್ಯ ಹೆನ್ರಿ ಕೊಲೊಂಬ್ ಫಾನ್ ಆಸ್ಪತ್ರೆಯಲ್ಲಿ ಇಂಥ ಆಚರಣೆ ನಡೆಸುವವರ ಜೊತೆ ಮಾತು ಬೆಳೆಸಿದರು. ರೋಗಿ, ಮನೆಯವರು, ವೈದ್ಯರು ಎಲ್ಲ ಒಟ್ಟಿಗೆ ಕೂತು ಮಾತಾಡುವ ಸಭೆಗೆ ಪೆಂಚ್ ಅಂತ ಹೆಸರಿಟ್ಟರು. ಊರವರು ಸೇರುವ ಜಾಗದ ಹೆಸರು ಅದು, ನಮ್ಮ ಅರಳಿಕಟ್ಟೆಯ ಹಾಗೆ.

ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಶೋನಾ ಭಾಷೆಯಲ್ಲಿ ಈ ನೋವಿಗೆ ಕುಫುಂಗಿಸಿಸಾ ಅನ್ನುತ್ತಾರೆ, ಯೋಚನೆ ಅತಿಯಾಗುವುದು. ಅಜ್ಜಿ ಕೇಳುತ್ತಾಳೆ, ಒಂದೇ ಒಂದು ತೊಂದರೆ ಆರಿಸು ಅನ್ನುತ್ತಾಳೆ, ಅದಕ್ಕೆ ಏನು ಮಾಡಬಹುದು ಅಂತ ಜೊತೆಗೂಡಿ ಯೋಚಿಸುತ್ತಾಳೆ. 2016ರಲ್ಲಿ 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಬೆಂಚಿನಲ್ಲಿ ಕೂತವರಲ್ಲಿ ಖಿನ್ನತೆ, ಆತಂಕ ಸ್ಪಷ್ಟವಾಗಿ ಕಡಿಮೆಯಾಗಿತ್ತು.

ಹಾಗಾದ್ರೆ ಯಾವುದು?

ದನಿ ಕೇಳುವುದು, ಅನುಮಾನ, ದಿನಗಟ್ಟಲೆ ನಿದ್ದೆ ಇಲ್ಲದ ಉನ್ಮಾದ, ಸಾಯುವ ಯೋಚನೆ ಇದ್ದರೆ ಮೊದಲು ಮನೋವೈದ್ಯರು. ಆ ಕಡೆ ದೇವಸ್ಥಾನ, ಪಾತ್ರಿ, ಹಿರಿಯರ ಪೂಜೆ ನಡೆದರೆ ನಡೆಯಲಿ, ಔಷಧಿ ನಿಲ್ಲದಿದ್ದರೆ ಸಾಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಯೋಚನೆ ಜಾಸ್ತಿ, ಮನಸ್ಸು ಭಾರ, ಆದರೂ ದಿನ ಸಾಗುತ್ತಿದೆ ಅನ್ನುವವರಿಗೆ ಹರಾರೆಯ ದಾರಿ ಮೊದಲು. ಕೇಳುವ ಅಜ್ಜಿ ಇಲ್ಲದಿದ್ದರೆ ಆಪ್ತ ಸಲಹೆಗಾರರು ಇದ್ದಾರೆ. ಕನ್ನಾ ಆಮೇಲೆ ನೋಡಬಹುದು, ಅದೂ ಬೇರೆ ಮಾತ್ರೆ ಇಲ್ಲದಿದ್ದರೆ. ಸತ್ತವರ ನೆನಪು ಬಿಡದೆ ಕಾಡುತ್ತಿದ್ದರೆ ಸಂಗೋಮಾಗಳ ಬೇರನ್ನ ತರಿಸಬೇಕಾಗಿಲ್ಲ. ನಿಮ್ಮ ಮನೆಯ ಹಿರಿಯರಿಗೆ ನಿಮ್ಮ ಊರಿನ ರೀತಿಯೇ ಗೊತ್ತು. ಇಬೋಗಕ್ಕೆ ಹೋಗುವ ಮುಂಚೆ ಇಸಿಜಿ ಮತ್ತು ಎರಡನೇ ಡಾಕ್ಟರ್ ಮಾತು. ಹೆಚ್ಚಿನವರಿಗೆ ಉತ್ತರ ಬೇಡ ಅಂತಲೇ ಬರುತ್ತದೆ.

ಯಾವುದನ್ನ ತಗೊಂಡಿದ್ದರೂ, ತಗೊಳ್ಳಬೇಕು ಅಂತಿದ್ದರೂ ಡಾಕ್ಟರಿಂದ ಮುಚ್ಚಿಡಬೇಡಿ. ಬೈಯುತ್ತಾರೆ ಅನ್ನೋ ಹೆದರಿಕೆಗೆ ಎಷ್ಟೋ ಜನ ಹೇಳೋದೇ ಇಲ್ಲ. ಗೆಳೆಯ ಮುಂದಿನ ಸಲ ಹೋದಾಗ ಪ್ಯಾಕೆಟ್ಟನ್ನೇ ಒಯ್ದು ಮೇಜಿನ ಮೇಲಿಟ್ಟ. ಡಾಕ್ಟರ್ ಹಿಂದೆ ಮುಂದೆ ತಿರುಗಿಸಿ ಓದಿದರು. "ಮಾತ್ರೆ ಯಾಕೆ ಬಿಡಬೇಕು ಅನ್ನಿಸ್ತು?" ಅಂತ ಕೇಳಿದರು. ಆರು ತಿಂಗಳಲ್ಲಿ ಅವನನ್ನ ಯಾರೂ ಹಾಗೆ ಕೇಳಿರಲಿಲ್ಲವಂತೆ.